ಮನೆಯ ಕೊಳ: ಸುಖವೂ ಹೊಣೆಯೂ

ನಮ್ಮ ಪ್ರಾಚೀನ ಕವಿಗಳು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಎಣಿಸಿದ್ದರು; ಅವುಗಳಲ್ಲಿ ಜಲಕ್ರೀಡೆಯೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ನೀರಾಟಕ್ಕೂ ಸ್ಥಾನವುಂಟು. ಹಂಪೆಯ ರಾಣಿಯ ಸ್ನಾನಗೃಹದ ನಡುಗೊಳವು ಸುಮಾರು 15 ಮೀಟರು ಚೌಕ, 1.8 ಮೀಟರು ಆಳ. ಅಂದು ಅರಮನೆಗೆ ಮಾತ್ರ ಸಲ್ಲುತ್ತಿದ್ದ ಈ ಭೋಗವು ಇಂದು ಪಟ್ಟಣದ ಅನುಕೂಲಸ್ಥರ ಹಿತ್ತಲಿಗೂ ಬಂದಿದೆ. ಹಣವಿದ್ದರೆ ಕೊಳವನ್ನು ಕಟ್ಟಿಸಬಹುದು. ಆದರೆ ಅದನ್ನು ಕಾಪಾಡುವ ಬಗೆಯೇನು, ಅದರಿಂದ ಬರುವ ಲಾಭವೇನು ಎಂಬುದನ್ನು ಮೊದಲೇ ವಿಚಾರಿಸುವುದು ಲೇಸು.

ನೀರಿನ ಲೆಕ್ಕವನ್ನೇ ಮೊದಲು ನೋಡೋಣ. 8 ಮೀಟರು ಉದ್ದ, 4 ಮೀಟರು ಅಗಲ, ಸರಾಸರಿ 1.25 ಮೀಟರು ಆಳದ ಕೊಳವು ಚಿಕ್ಕದೆಂದೇ ಹೇಳಬೇಕು. ಅದು ಹಿಡಿಯುವ ನೀರು 40,000 ಲೀಟರು. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಎಣಿಸಿದರೆ, ಐದು ಮಂದಿಯ ಸಂಸಾರಕ್ಕೆ ಇದು ಸುಮಾರು 145 ದಿನಗಳ ನೀರು. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರು ಆವಿಯಾದರೂ 192 ಲೀಟರು ಬಿಸಿಲಿನ ಪಾಲಾಗುತ್ತದೆ. ರಾತ್ರಿ ಕೊಳದ ಮೇಲೆ ಹೊದಿಕೆ ಹಾಸಿದರೆ ಈ ನಷ್ಟ ತಗ್ಗುವುದಲ್ಲದೆ ಎಲೆ ಕಸ ಬೀಳುವುದೂ ನಿಲ್ಲುತ್ತದೆ. ಹೊದಿಕೆಯನ್ನು ಪೂರ್ತಿ ತೆಗೆದ ಮೇಲೆಯೇ ನೀರಿಗಿಳಿಯಬೇಕು.

ಇನ್ನು ಶುದ್ಧಿಯ ಮಾತು. ಹರಿಯುವ ನೀರು ತನ್ನ ಕೊಳೆಯನ್ನು ಹೊತ್ತುಕೊಂಡು ಹೋಗುತ್ತದೆ. ನಿಂತ ನೀರಿಗೆ ಆ ಭಾಗ್ಯವಿಲ್ಲ. ಆದುದರಿಂದ ಪಂಪಿನಿಂದ ನೀರನ್ನು ಮರಳಿನ ಸೋಸುಯಂತ್ರದ ಮೂಲಕ ದಿನವೂ ಹಾಯಿಸಬೇಕು. ಕಣ್ಣಿಗೆ ಕಾಣದ ರೋಗಾಣುಗಳಿಗೆ ಕ್ಲೋರಿನ್ನೇ ಮದ್ದು. ಲೀಟರಿಗೆ 1ರಿಂದ 3 ಮಿಲಿಗ್ರಾಮಿನಷ್ಟು ಕ್ಲೋರಿನ್ ನೀರಿನಲ್ಲಿ ಉಳಿದಿರಬೇಕು. ಮೇಲೆ ಹೇಳಿದ ಕೊಳದಲ್ಲಿ ಲೀಟರಿಗೆ 1 ಮಿಲಿಗ್ರಾಮು ಏರಿಸಲು 40 ಗ್ರಾಮು ಕ್ಲೋರಿನ್ ಬೇಕು. ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಮೂರರಲ್ಲಿ ಒಂದು ಪಾಲು ಇರುವುದರಿಂದ, ಸುಮಾರು 120 ಗ್ರಾಮು ಪುಡಿ ಸಾಕು. ಅದನ್ನು ಬಕೆಟ್ಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಸಂಜೆಯ ಹೊತ್ತು ಕೊಳಕ್ಕೆ ಸುರಿಯಿರಿ. ಬಿಸಿಲಿನಲ್ಲಿ ಕ್ಲೋರಿನ್ ಬೇಗ ನಾಶವಾಗುತ್ತದೆ. ಪುಡಿಯನ್ನು ಆಮ್ಲದೊಡನೆ ಎಂದಿಗೂ ಬೆರೆಸಬಾರದು, ವಿಷವಾಯು ಏಳುತ್ತದೆ.

ಮೂಗಿಗೆ ಅಡರುವ ಘಾಟು ಕೊಳದ ಶುದ್ಧಿಗೆ ಗುರುತೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಬೆವರು, ಮೂತ್ರಗಳೊಡನೆ ಕ್ಲೋರಿನ್ ಕೂಡಿದಾಗಲೇ ಆ ಘಾಟು ಹುಟ್ಟುವುದು. ಮೈ ತೊಳೆದುಕೊಂಡು ನೀರಿಗಿಳಿಯಬೇಕೆಂಬ ನಮ್ಮ ಹಿರಿಯರ ಕಟ್ಟಳೆಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ. ಒಂದೆರಡು ವಾರ ಅಲಕ್ಷ್ಯ ಮಾಡಿದರೆ ಪಾಚಿ ಕಟ್ಟುತ್ತದೆ, ಸೊಳ್ಳೆ ಮರಿ ಮಾಡುತ್ತದೆ. ಕೊಳವೆಂಬುದು ಹಸು ಕಟ್ಟಿದಂತೆ. ಊರಿಗೆ ಹೋದರೂ ಅದರ ಯೋಗಕ್ಷೇಮಕ್ಕೆ ಒಬ್ಬರಿರಬೇಕು.

ಇಷ್ಟೆಲ್ಲ ಶ್ರಮಕ್ಕೆ ಫಲವೇನು? ಮನೆಯ ಬೆಲೆ ಏರುವುದೆಂಬ ಮಾತನ್ನು ನಾನು ಹೆಚ್ಚಾಗಿ ನಂಬುವುದಿಲ್ಲ. ಕೊಳ್ಳುವವನಿಗೆ ಕೊಳ ಬೇಡವಾದರೆ ಅದು ಮುಚ್ಚಬೇಕಾದ ಗುಂಡಿಯಷ್ಟೆ. ನಿಜವಾದ ಫಲ ಬೇರೆ: ಮನೆಯ ಮಕ್ಕಳು ಈಜು ಕಲಿಯುತ್ತಾರೆ.

ನಾನಿರುವ ಕುಂತೂರಿನ ಕಡೆ ಹಿತ್ತಲಿನ ಈಜುಕೊಳದ ಮಾತಿಲ್ಲ. ಇಲ್ಲಿರುವುದು ಕೆರೆ, ತೋಟದ ಬಾವಿ, ಈಚಿನ ಕೃಷಿಹೊಂಡ. ತುಸು ದೂರದಲ್ಲಿ ಕಾವೇರಿ. ಹಿಂದೆ ಮೆಟ್ಟಿಲ ಬಾವಿಯಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹುಡುಗರು ಈಜು ಕಲಿಯುತ್ತಿದ್ದರು; ಮೇಲೆ ಕಟ್ಟೆಯ ಬಳಿ ಮಾವನೋ ಚಿಕ್ಕಪ್ಪನೋ ಹಗ್ಗ ಹಿಡಿದು ನಿಂತಿರುತ್ತಿದ್ದರು. ಅನೇಕ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು. ಈಜು ಕಲಿಸುವ ಆ ಪಾಠಶಾಲೆಯೂ ಮುಚ್ಚಿತು. ಆದರೆ ನೀರಿನ ಆಸೆ ಹುಡುಗರನ್ನು ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ರಜದಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಗೆಳೆಯರೊಡನೆ ನೀರಿಗಿಳಿದವನು ಹಿಂದಿರುಗಲಿಲ್ಲ. ಶಾಲೆ ತೆರೆದ ದಿನ ಹಾಜರಿ ಕರೆಯುವಾಗ ಅವನ ಹೆಸರಿನೆಡೆಯಲ್ಲಿ ನನ್ನ ನಾಲಗೆ ತಡೆಯಿತು. ಅವನಿಗೆ ಈಜು ಬರುತ್ತಿರಲಿಲ್ಲ, ಜೊತೆಯವರಿಗೂ ಬರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ಮುಳುಗಿ ಸತ್ತರು.

ಆದುದರಿಂದ ಕೊಳವುಳ್ಳವರೂ ಹೊಂಡವುಳ್ಳವರೂ ಕೆಲವು ನಿಯಮಗಳನ್ನು ಪಾಲಿಸಬೇಕು. ನಾಲ್ಕು ಕಡೆಯೂ ಮಗು ಹತ್ತಲಾರದಷ್ಟು ಎತ್ತರದ ಬೇಲಿ, ತಾನಾಗಿ ಮುಚ್ಚುವ ಬಾಗಿಲು, ಎತ್ತರದಲ್ಲಿ ಅಗುಳಿ ಇರಲಿ. ಮುಳುಗುವ ಮಗು ಕೂಗುವುದಿಲ್ಲ. ದೊಡ್ಡವರ ಕಣ್ಣು ಅದರ ಮೇಲೆಯೇ ಇರಬೇಕು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ಅನೇಕ ಕೃಷಿಹೊಂಡಗಳಾದವು. ಅವು ಬೆಳೆಗೆ ಉಪಕಾರಿ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಜಾರುವುದರಿಂದ, ಈಜು ಬಲ್ಲವನಿಗೂ ಮೇಲೆ ಬರುವುದು ಕಷ್ಟ. ಅಲ್ಲಿ ಗೂಟಕ್ಕೆ ಬಿಗಿದ ಗಂಟುಹಗ್ಗವೊಂದು ಸದಾ ನೀರಿಗಿಳಿದಿರಲಿ.

ಯಾರಾದರೂ ಮುಳುಗುತ್ತಿದ್ದರೆ ಹಿಂದುಮುಂದು ನೋಡದೆ ಧುಮುಕಬೇಡಿ. ಹಗ್ಗ, ಸೀರೆ, ಬಿದಿರುಗಳು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಯಾವುದಿದ್ದರೆ ಅದನ್ನು ಚಾಚಿರಿ, ಎಸೆಯಿರಿ. ಮೇಲೆ ತಂದವರ ಹೊಟ್ಟೆ ಒತ್ತಿ ನೀರು ಕಕ್ಕಿಸುವುದರಲ್ಲಿ ಹೊತ್ತು ಕಳೆಯಬಾರದು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ತುಂಬುತ್ತ, ಎದೆ ಒತ್ತುತ್ತ, ಕೂಡಲೆ ವೈದ್ಯ ಸಹಾಯಕ್ಕೆ ಹೇಳಿಕಳುಹಿಸಬೇಕು.

ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿದ್ದು ಜಲಸ್ತಂಭನ ವಿದ್ಯೆಯ ಬಲದಿಂದ. ನಮಗೆ ಆ ವಿದ್ಯೆ ಬೇಡ. ತೇಲುವ ವಿದ್ಯೆ ಸಾಕು. ನಿಮ್ಮ ಮನೆಯಲ್ಲಿ ಕೊಳವಿದ್ದರೆ ವಾರಕ್ಕೊಂದು ದಿನ ನೆರೆಮನೆಯ ಮಕ್ಕಳನ್ನೂ ಕರೆಯಿರಿ, ಈಜು ಬಲ್ಲ ಹಿರಿಯರೊಬ್ಬರನ್ನು ದಡದಲ್ಲಿ ನಿಲ್ಲಿಸಿರಿ. ಕೊಳಕ್ಕೆ ಮಾಡಿದ ವೆಚ್ಚ ಸಾರ್ಥಕವಾಗುವುದು ಆಗಲೇ.