ಕಣ್ಣು ಮುಚ್ಚಿ ಕಂಡ ಚಿತ್ರಗಳು

ಹೈಸ್ಕೂಲಿನ ವಾರ್ಷಿಕೋತ್ಸವವೆಂದರೆ ಹಾಡು, ಕುಣಿತ, ನಾಟಕ, ಬಹುಮಾನ ವಿತರಣೆ. ಇವುಗಳ ನಡುವೆ ಒಂದು ಕೋಣೆಯಲ್ಲಿ ವಿದ್ಯಾರ್ಥಿಗಳ ಚಿತ್ರಗಳ ಪ್ರದರ್ಶನವೂ ಇರುವುದುಂಟು. ಮುಖ್ಯ ಅತಿಥಿಗಳು ವೇದಿಕೆಗೆ ಹೋಗುವ ದಾರಿಯಲ್ಲಿ ಅಲ್ಲೊಂದು ಸುತ್ತು ಹಾಕಿ, ‘ಚೆನ್ನಾಗಿದೆ’ ಎಂದು ಹೇಳಿ ಮುಂದೆ ಸಾಗುತ್ತಾರೆ. ಗೋಡೆಯ ಮೇಲಿರುವುದು ಸಾಮಾನ್ಯವಾಗಿ ‘ಚಿತ್ರ ಬರುತ್ತದೆ’ ಎಂದು ಶಾಲೆಯಲ್ಲಿ ಹೆಸರಾದ ನಾಲ್ಕೈದು ಮಕ್ಕಳ ಕೆಲಸ. ಉಳಿದ ಮಕ್ಕಳಿಗೆ ಚಿತ್ರ ಬರುವುದಿಲ್ಲ ಎಂಬುದು ಎಂದೋ ತೀರ್ಮಾನವಾಗಿರುತ್ತದೆ.

ಈ ತೀರ್ಮಾನ ಸರಿಯೇ? ಒಂದು ಶತಮಾನಕ್ಕೂ ಹಿಂದೆ ಇಂಗ್ಲೆಂಡಿನ ಹೆಣ್ಣುಮಕ್ಕಳ ಹೈಸ್ಕೂಲೊಂದರ ಡ್ರಾಯಿಂಗ್ ಟೀಚರ್ ಈ ಪ್ರಶ್ನೆ ಎತ್ತಿಕೊಂಡರು. ಅವರ ಹೆಸರು ಮರಿಯನ್ ರಿಚರ್ಡ್‌ಸನ್. ಶಾಲೆಯ ಮಕ್ಕಳ ಚಿತ್ರಗಳನ್ನು ಕಲೆಯೆಂದೇ ನೋಡಿ ಗೌರವಿಸುವ ರೂಢಿ ಬೆಳೆದುಬಂದ ಕಥೆಯಲ್ಲಿ ಅವರದು ದೊಡ್ಡ ಪಾತ್ರ.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅದಕ್ಕೆ ಮುಂಚಿನ ಪಾಠಕ್ರಮವನ್ನು ನೋಡಬೇಕು. 19ನೆಯ ಶತಮಾನದ ಬ್ರಿಟನ್ನಿನಲ್ಲಿ ಶಾಲೆಗಳಿಗೆ ಡ್ರಾಯಿಂಗ್ ಬಂದದ್ದು ಮುಖ್ಯವಾಗಿ ಕೈಗಾರಿಕೆಯ ಅಗತ್ಯದಿಂದ. ಬಟ್ಟೆ, ಪಿಂಗಾಣಿ, ಕಬ್ಬಿಣದ ಸಾಮಾನುಗಳನ್ನು ಅಂದವಾಗಿ ರೂಪಿಸಬಲ್ಲ ಕೈಗಳು ದೇಶಕ್ಕೆ ಬೇಕಾಗಿದ್ದವು. 1851ರ ಲಂಡನ್ ಮಹಾಪ್ರದರ್ಶನದ ಸಂಘಟಕರಲ್ಲಿ ಒಬ್ಬರಾಗಿದ್ದ ಹೆನ್ರಿ ಕೋಲ್ ಮುಂದಾಳಾಗಿ ರೂಪುಗೊಂಡ ಸೌತ್ ಕೆನ್ಸಿಂಗ್ಟನ್ ಪದ್ಧತಿಯಲ್ಲಿ 23 ಹಂತಗಳಿದ್ದವು. ಗೆರೆ, ರೇಖಾಗಣಿತ, ಅಲಂಕಾರದ ಬಳ್ಳಿಗಳ ನಕಲು, ಪ್ಲಾಸ್ಟರ್ ಬೊಂಬೆಗಳ ನಕಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಮಾದರಿಗೆ ಎಷ್ಟು ಹತ್ತಿರವೋ ಅಷ್ಟು ಅಂಕ.

ಬ್ರಿಟಿಷರೊಡನೆ ಈ ಕ್ರಮ ಭಾರತಕ್ಕೂ ಬಂತು. ಮದರಾಸಿನಲ್ಲಿ 1850ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಆರಂಭವಾದ ಕಲಾಶಾಲೆಗಳ ಮೇಲೆ ಇದರ ಅಚ್ಚು ಗಾಢವಾಗಿ ಬಿತ್ತು. ಕರ್ನಾಟಕದ ಶಾಲಾ ಮಕ್ಕಳು ತಲೆಮಾರುಗಳಿಂದ ಕಟ್ಟುತ್ತ ಬಂದಿರುವ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಲ್ಲಿಯೂ ಅದರ ನೆರಳನ್ನು ಗುರುತಿಸಬಹುದು. ಇದರಿಂದ ಕೈಗೆ ಶಿಸ್ತು ಬರುತ್ತದೆ, ಸಂದೇಹವಿಲ್ಲ. ಆದರೆ ಮಗುವಿಗೆ ತನ್ನದೆಂದು ಹೇಳಿಕೊಳ್ಳಲು ಏನಾದರೂ ಇದೆಯೇ ಎಂದು ಕೇಳಲು ಇಲ್ಲಿ ಅವಕಾಶ ಕಡಿಮೆ.

1892ರಲ್ಲಿ ಹುಟ್ಟಿದ ರಿಚರ್ಡ್‌ಸನ್ ಬರ್ಮಿಂಗ್‌ಹ್ಯಾಮಿನ ಕಲಾಶಾಲೆಯಲ್ಲಿ ತರಬೇತಿ ಪಡೆದು, 1912ರಲ್ಲಿ ಡಡ್ಲಿ ಎಂಬ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿದರು. ಕಲ್ಲಿದ್ದಲ ಗಣಿ, ಕಬ್ಬಿಣದ ಕುಲುಮೆಗಳ ಹೊಗೆಯಿಂದಾಗಿ ‘ಕಪ್ಪು ನಾಡು’ ಎಂದೇ ಹೆಸರಾದ ಸೀಮೆ ಅದು. ಚಿತ್ರಕ್ಕೆ ತಕ್ಕ ಸೊಬಗು ಅಲ್ಲಿ ಏನಿದೆ ಎಂದು ಯಾರಾದರೂ ಕೇಳಬಹುದಾದ ಊರು.

ರಿಚರ್ಡ್‌ಸನ್ ತರಗತಿಯಲ್ಲಿ ಮಾದರಿಯ ಹೂಜಿಯನ್ನು ಮೇಜಿನ ಮೇಲೆ ಇಡುವ ಬದಲು ಹುಡುಗಿಯರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳುತ್ತಿದ್ದರು. ಒಂದು ಬೀದಿಯನ್ನೋ ದೀಪ ಹಚ್ಚಿದ ಅಂಗಡಿಯನ್ನೋ ನಿಧಾನವಾಗಿ, ಬಣ್ಣ ಬೆಳಕುಗಳ ಸಮೇತ ಮಾತಿನಲ್ಲಿ ವರ್ಣಿಸುತ್ತಿದ್ದರು. ಲಂಡನ್ನಿನಲ್ಲಿ ತಾವು ಕಂಡ ರಷ್ಯನ್ ಬ್ಯಾಲೆಯನ್ನೂ ಹೀಗೆಯೇ ಬಣ್ಣಿಸಿದ್ದುಂಟು. ಕೇಳುತ್ತ ಕೇಳುತ್ತ ಒಬ್ಬೊಬ್ಬಳ ಮನಸ್ಸಿನಲ್ಲಿ ಒಂದೊಂದು ಚಿತ್ರ ಮೂಡುತ್ತಿತ್ತು. ಕಣ್ಣು ತೆರೆದು ಅದನ್ನು ಬರೆಯಬೇಕು. ಕಣ್ಣು ಮುಚ್ಚಿದಾಗ ತಾವಾಗಿ ಕಾಣುವ ಬಣ್ಣ, ಆಕಾರಗಳನ್ನು ಹಾಗೆಯೇ ಕಾಗದಕ್ಕೆ ಇಳಿಸುವ ಅಭ್ಯಾಸವೂ ಇತ್ತು. ಅದನ್ನು ‘ಮನಸ್ಸಿನ ಚಿತ್ರ’ ಎಂದು ಕರೆಯುತ್ತಿದ್ದರು.

ಹೀಗೆ ಬರೆದಾಗ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಮಾದರಿ ಎದುರಿಗಿದ್ದರೆ ಚಿತ್ರ ಸರಿಯೋ ತಪ್ಪೋ ಎಂದು ನೋಡಿದ ಯಾರಾದರೂ ಹೇಳಬಹುದು. ಮಾದರಿ ಮನಸ್ಸಿನೊಳಗೆ ಇದ್ದರೆ, ಚಿತ್ರ ಅದಕ್ಕೆ ನಿಷ್ಠವಾಗಿದೆಯೇ ಎಂದು ಬಲ್ಲವಳು ಬರೆದವಳು ಮಾತ್ರ. ತೀರ್ಪಿನ ಹಕ್ಕು ಟೀಚರ ಕೈಯಿಂದ ವಿದ್ಯಾರ್ಥಿನಿಯ ಕೈಗೆ ಹೋಗುತ್ತದೆ. ‘ನನಗೆ ಚಿತ್ರ ಬರುವುದಿಲ್ಲ’ ಎಂಬ ಮಾತಿಗೆ ಅಲ್ಲಿ ಅರ್ಥ ಉಳಿಯುವುದಿಲ್ಲ.

1917ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದಾಗ, ರಿಚರ್ಡ್‌ಸನ್ ಬೇರೊಂದು ಕೆಲಸದ ಸಂದರ್ಶನಕ್ಕೆಂದು ಲಂಡನ್ನಿಗೆ ಹೋದರು. ಕೆಲಸ ಸಿಗಲಿಲ್ಲ. ಆದರೆ ಕಲಾವಿಮರ್ಶಕ ರೋಜರ್ ಫ್ರೈ ನಡೆಸುತ್ತಿದ್ದ ಒಮೆಗಾ ವರ್ಕ್‌ಶಾಪ್ಸ್‌ನಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. ಡಡ್ಲಿಯ ಹುಡುಗಿಯರ ಚಿತ್ರಗಳು ಅವರ ಜೊತೆಯಲ್ಲೇ ಇದ್ದವು. ಅವನ್ನು ನೋಡಿದ ಫ್ರೈ ಬೆರಗಾಗಿ ಪ್ರದರ್ಶನಕ್ಕೆ ಸೇರಿಸಿಕೊಂಡರು.

ಫ್ರೈ ಸಾಮಾನ್ಯ ಪ್ರೇಕ್ಷಕರಲ್ಲ. ಸೆಜಾನ್, ಗೋಗಾನ್, ವ್ಯಾನ್ ಗೋ ಅವರ ಚಿತ್ರಗಳನ್ನು 1910ರಲ್ಲಿ ಲಂಡನ್ನಿಗೆ ತಂದು ಕೋಲಾಹಲ ಎಬ್ಬಿಸಿದವರು ಅವರೇ. ಆ ಚಿತ್ರಗಳನ್ನು ಮಕ್ಕಳ ಗೀಚಾಟವೆಂದು ಹಂಗಿಸಿದವರು ಆಗ ಇದ್ದರು. ಅಂಥವರು ಬೈಗುಳವಾಗಿ ಬಳಸಿದ ಮಾತನ್ನು ಫ್ರೈ ಮೆಚ್ಚುಗೆಯಾಗಿ ತಿರುಗಿಸಿದರು. ಹೊಸ ಕಲಾವಿದರು ಹುಡುಕುತ್ತಿದ್ದ ನೇರ ನೋಟ ಮಕ್ಕಳಲ್ಲಿ ಸಹಜವಾಗಿಯೇ ಇದೆ ಎಂಬುದು ಅವರ ನಿಲುವು.

ಮಕ್ಕಳ ಕಲೆಗೆ ಗೌರವ ಕೊಟ್ಟವರಲ್ಲಿ ರಿಚರ್ಡ್‌ಸನ್ ಮೊದಲಿಗರಲ್ಲ. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ 1897ರಿಂದಲೇ ಮಕ್ಕಳಿಗಾಗಿ ಸ್ವತಂತ್ರ ಕಲಾ ತರಗತಿ ನಡೆಸುತ್ತಿದ್ದರು. ಆದರೆ ಅದು ಶಾಲೆಯ ಹೊರಗಿನ ತರಗತಿ. ರಿಚರ್ಡ್‌ಸನ್ ಅದೇ ಬಗೆಯ ಕೆಲಸ ಮಾಡಿದ್ದು ವೇಳಾಪಟ್ಟಿ ಇರುವ, ಗಂಟೆ ಹೊಡೆಯುವ, ಚಿತ್ರದಲ್ಲಿ ಆಸಕ್ತಿ ಇರುವವರೂ ಇಲ್ಲದವರೂ ಒಂದೇ ಬೆಂಚಿನಲ್ಲಿ ಕೂರುವ ಸಾಧಾರಣ ಹೈಸ್ಕೂಲಿನಲ್ಲಿ. ಅದೂ ಹದಿಹರೆಯದ ಮಕ್ಕಳೊಡನೆ. ಚಿಕ್ಕಂದಿನಲ್ಲಿ ಗೋಡೆಯೆಲ್ಲ ಗೀಚುತ್ತಿದ್ದ ಮಗು, ಕುದುರೆ ಕುದುರೆಯ ಹಾಗೆ ಕಾಣುತ್ತಿಲ್ಲವೆಂದು ನಾಚಿ ಕುಂಚ ಕೆಳಗಿಡುವುದು ಈ ವಯಸ್ಸಿನಲ್ಲೇ.

ಅವರ ಪದ್ಧತಿಗೆ ಟೀಕೆಯೂ ಬಂದಿದೆ. ವರ್ಣನೆ ಟೀಚರದೇ ಆದ ಮೇಲೆ ಚಿತ್ರ ಪೂರ್ತಿ ಮಕ್ಕಳದು ಹೇಗಾಗುತ್ತದೆ ಎಂಬುದು ಅದರಲ್ಲಿ ಒಂದು. ಡಡ್ಲಿಯ ಚಿತ್ರಗಳಲ್ಲಿ ಒಂದು ಮನೆತನದ ಹೋಲಿಕೆ ಇದೆ ಎಂದು ಗುರುತಿಸಿದವರೂ ಉಂಟು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಟೀಚರ ರುಚಿ ಮಕ್ಕಳ ಮೇಲೆ ಬೀಳದ ತರಗತಿ ಬಹುಶಃ ಎಲ್ಲೂ ಇಲ್ಲ. ಆ ರುಚಿ ಮಗುವಿನ ಬಾಯಿ ಕಟ್ಟಿಸುತ್ತದೆಯೋ ಬಿಡಿಸುತ್ತದೆಯೋ ಎಂಬುದೇ ಕೇಳಬೇಕಾದ ಪ್ರಶ್ನೆ.

1930ರಲ್ಲಿ ರಿಚರ್ಡ್‌ಸನ್ ಲಂಡನ್ ಕೌಂಟಿ ಕೌನ್ಸಿಲ್‌ನ ಕಲಾ ಇನ್‌ಸ್ಪೆಕ್ಟರ್ ಆದರು. 1938ರಲ್ಲಿ ಕೌನ್ಸಿಲ್‌ನ ಮುಖ್ಯ ಕಚೇರಿಯಾದ ಕೌಂಟಿ ಹಾಲ್‌ನಲ್ಲಿಯೇ ಲಂಡನ್ ಶಾಲೆಗಳ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಸಾವಿರಾರು ಜನ ಬಂದು ನೋಡಿದರು. 1946ರಲ್ಲಿ ಅವರು ತೀರಿಕೊಂಡ ಮೇಲೆ, 1948ರಲ್ಲಿ ಅವರ ಪುಸ್ತಕ ‘ಆರ್ಟ್ ಅಂಡ್ ದಿ ಚೈಲ್ಡ್’ ಪ್ರಕಟವಾಯಿತು.

ಭಾರತದಲ್ಲಿಯೂ ಮಕ್ಕಳ ಕಲೆಗೆ ವೇದಿಕೆಗಳಿಲ್ಲದೆ ಇಲ್ಲ. ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆ ಬೇಗನೆ ಅಂತರರಾಷ್ಟ್ರೀಯವಾಯಿತು. ಕರ್ನಾಟಕದಲ್ಲಿ ಪ್ರತಿಭಾ ಕಾರಂಜಿ ಇದೆ. ಪ್ರೌಢಶಾಲೆಯ ಹಂತದ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ 2015ರಲ್ಲಿ ಕಲಾ ಉತ್ಸವವನ್ನು ಆರಂಭಿಸಿತು. ಹಳ್ಳಿಯ ಶಾಲೆಯ ಮಗುವೊಂದು ರಾಜ್ಯಮಟ್ಟಕ್ಕೆ ಏರಲು ಇವು ದಾರಿ ಮಾಡಿಕೊಡುತ್ತವೆ. ಆದರೆ ಸ್ಪರ್ಧೆಯ ಸ್ವಭಾವವೇ ಜರಡಿ ಹಿಡಿಯುವುದು. ಪ್ರತಿ ಹಂತದಲ್ಲಿ ಒಬ್ಬರು ಮೇಲೆ ಹೋದರೆ ಉಳಿದ ಹಲವರು ಮನೆಗೆ ಮರಳುತ್ತಾರೆ.

ಶಾಲೆಯ ಸ್ವಂತ ಗೋಡೆ ಜರಡಿಯಾಗಬೇಕಿಲ್ಲ. ಅಲ್ಲಿ ತರಗತಿಯ ಪ್ರತಿಯೊಬ್ಬರ ಒಂದೊಂದು ಚಿತ್ರಕ್ಕೂ ಜಾಗವಿರಬಹುದು. ಕೆಳಗೆ ಬರೆದವರ ಹೆಸರಿನ ಜೊತೆಗೆ ಏನನ್ನು ಕಂಡು ಬರೆದೆ ಎಂಬ ಎರಡು ಸಾಲೂ ಇರಬಹುದು. ಹೆಚ್ಚು ಖರ್ಚಿನ ಕೆಲಸವಲ್ಲ. ಬೇಕಾದದ್ದು ಕಣ್ಣು ನಿಲ್ಲಿಸಿ ನೋಡುವಷ್ಟು ಸಮಯ.

ಡಡ್ಲಿಯ ಹುಡುಗಿಯರ ಚಿತ್ರಗಳನ್ನು ಬರ್ಮಿಂಗ್‌ಹ್ಯಾಮಿನ ವಿಶ್ವವಿದ್ಯಾಲಯವೊಂದರ ಸಂಗ್ರಹದಲ್ಲಿ ಕಾಪಾಡಿಡಲಾಗಿದೆ. ಹೆಸರಾಂತ ಕಲಾವಿದರ ಬಾಲ್ಯದ ಕೃತಿಗಳೆಂದು ಅವನ್ನು ಇಟ್ಟುಕೊಂಡದ್ದಲ್ಲ. ಹೊಗೆ ಮುಸುಕಿದ ಊರಿನ ಶಾಲಾ ಹುಡುಗಿಯರು ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡಾಗ ಏನು ಕಂಡರೆಂಬುದಕ್ಕೆ ಉಳಿದಿರುವ ದಾಖಲೆ ಅವು.