ಒಬ್ಬರ ಜಾಗಕ್ಕೆ ಇಬ್ಬರು

ತಬಲಾ ನುಡಿಸುತ್ತಲೇ ಬಾಯ್ತುಂಬ ಹಾಡುವವರು ಅಪರೂಪ. ದೆಹಲಿಯ ‘ಇಂಡಿಯನ್ ಓಷನ್’ ಬ್ಯಾಂಡಿನ ಅಶೀಂ ಚಕ್ರವರ್ತಿ ಅಂಥವರು. ರಾಕ್ ವೇದಿಕೆಯೆಂದರೆ ಗಿಟಾರ್ ಹಿಡಿದು ಕುಣಿಯುವವರ ಜಾಗ. ಅಲ್ಲಿ ಅವರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬೆರಳು ತಾಳದ ಲೆಕ್ಕ ನೋಡಿಕೊಳ್ಳುತ್ತಿದ್ದರೆ, ಕಂಠ ಆ ಲೆಕ್ಕದ ಹಂಗಿಲ್ಲದಂತೆ ಎಳೆದು, ತಡೆದು, ಮೇಲೇರುತ್ತಿತ್ತು. ಈ ಬ್ಯಾಂಡನ್ನು ನಾನು ಬಿಡದೆ ಕೇಳುತ್ತ ಬಂದದ್ದು ಆ ಕಂಠಕ್ಕಾಗಿ.

ಅಶೀಂ ಮತ್ತು ಗಿಟಾರ್ ವಾದಕ ಸುಸ್ಮಿತ್ ಸೇನ್ 1990ರಲ್ಲಿ ಕಟ್ಟಿದ ತಂಡವಿದು. ಮರುವರ್ಷ ಬೇಸ್ ಗಿಟಾರಿಗೆ ರಾಹುಲ್ ರಾಮ್ ಬಂದರು. ಇವರು ನಮಗೆ ಹತ್ತಿರದವರು. ತಂದೆ ಮೈಸೂರು ಮೂಲದ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್, ದೊಡ್ಡಪ್ಪ ಪತ್ರಕರ್ತ ಎಚ್.ವೈ. ಶಾರದಾ ಪ್ರಸಾದ್, ಅಜ್ಜ ಕೃತಿಗಳನ್ನು ರಚಿಸಿದ ಹೊಳೆನರಸೀಪುರದ ಯೋಗಾನರಸಿಂಹ. ಮೊಮ್ಮಗ ಅಮೆರಿಕದ ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಮುಗಿಸಿ ನರ್ಮದಾ ಬಚಾವೋ ಆಂದೋಲನಕ್ಕೆ ಹೋದರು. ಕಣಿವೆಯ ಜನ ನದಿಯನ್ನು ತಾಯಿಯೆಂದು ಕರೆದು ಹಾಡುವ ‘ಮಾ ರೇವಾ’ ಬ್ಯಾಂಡಿಗೆ ಬಂದದ್ದು ಆ ದಾರಿಯಲ್ಲಿ.

1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಾಂ ಸೇರಿದರು. ಅವರು ಬಂಗಾಳದ ಬಾವುಲ ಗಾಯಕರ ಗಬ್‌ಗುಬಿಯನ್ನೂ ನುಡಿಸುತ್ತಾರೆ. ಪುಟ್ಟ ಚರ್ಮವಾದ್ಯವದು, ಕಂಕುಳಲ್ಲಿ ಅವುಚಿಕೊಂಡು, ಒಳಗಿನ ತಂತಿಯನ್ನು ಒಂದು ಕೈಯಲ್ಲಿ ಜಗ್ಗಿ ಇನ್ನೊಂದರಿಂದ ಮೀಟಬೇಕು. ಜಗ್ಗಿದಷ್ಟೂ ನಾದ ಬಿಕ್ಕುತ್ತ ಮೇಲೇರುತ್ತದೆ.

ಈ ನಾಲ್ವರ ಕಾಲದ್ದೇ 2000ದ ‘ಕಂದೀಸಾ’. ಶೀರ್ಷಿಕೆ ಗೀತೆ ಕೇರಳದ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆ. ಸಿನಿಮಾದ ಹಂಗಿಲ್ಲದೆ ಭಾರತೀಯ ಬ್ಯಾಂಡೊಂದು ಮನೆಮನೆಗೆ ತಲುಪಬಹುದೆಂದು ಅದು ತೋರಿಸಿತು. ಅವರು ಅಭ್ಯಾಸ ಮಾಡುತ್ತಿದ್ದದ್ದು ಕರೋಲ್ ಬಾಗ್‌ನ ಒಂದು ಹಳೆಯ ಬಂಗಲೆಯಲ್ಲಿ. ಅದರ ವಿಳಾಸವೇ ಮುಂದೆ ಒಂದು ಆಲ್ಬಂನ ಹೆಸರಾಯಿತು: ‘16/330 ಖಜೂರ್ ರೋಡ್’.

2009ರ ಡಿಸೆಂಬರ್ 25ರಂದು ಅಶೀಂ ತೀರಿಕೊಂಡರು. ಮರುವರ್ಷ ಆ ಆಲ್ಬಂನ ಏಳು ಹಾಡುಗಳನ್ನು ತಿಂಗಳಿಗೊಂದರಂತೆ ಇಂಟರ್ನೆಟ್‌ನಲ್ಲಿ ಉಚಿತವಾಗಿ ಹಂಚಿದರು. ಅವುಗಳಲ್ಲಿ ಇದ್ದದ್ದು ಅಗಲಿದವನ ದನಿ. ಹೊಸ ಹಾಡಿಗೆ ಮಾತ್ರ ಇಬ್ಬರು ಬೇಕಾದರು: ತಬಲಾಕ್ಕೆ ತುಹೀನ್ ಚಕ್ರವರ್ತಿ, ಗಾಯನಕ್ಕೆ ಹಿಮಾಂಶು ಜೋಶಿ. 2013ರಲ್ಲಿ ಸುಸ್ಮಿತ್ ಕೂಡ ಹೊರನಡೆದರು, ಗಿಟಾರ್ ನಿಖಿಲ್ ರಾವ್ ಕೈಗೆ ಬಂತು. ಕಟ್ಟಿದವರಲ್ಲಿ ಈಗ ಒಬ್ಬರೂ ಇಲ್ಲ.

ಹಳೆಯ ಅಭಿಮಾನಿಗಳು ‘ಇದು ಆ ಬ್ಯಾಂಡೇ ಅಲ್ಲ’ ಎನ್ನುವುದುಂಟು. ಆ ಸಂಕಟ ನನಗೂ ಇದೆ. ಸುಸ್ಮಿತ್ ಅವರ ಗಿಟಾರ್ ರಾಗದ ಆಲಾಪದಂತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ನಿಖಿಲ್ ಅವರದರಲ್ಲಿ ರಾಕ್‌ನ ಖಾರ ಹೆಚ್ಚು. ಹಿಮಾಂಶು ಅವರದು ಶಾಸ್ತ್ರೀಯವಾಗಿ ಪಳಗಿದ ಗಂಟಲು, ಅದರ ಸೊಗಸೇ ಬೇರೆ. 2014ರ ‘ತಂದಾನು’ವಿನಲ್ಲಿ ಶಂಕರ್ ಮಹದೇವನ್, ಶುಭಾ ಮುದ್ಗಲ್ ಅವರಂಥ ಅತಿಥಿಗಳನ್ನು ಕರೆದು ಹಾಡಿಸಿದ್ದರಲ್ಲಿ ಹೊಸ ನೆಲೆ ಹುಡುಕುವ ತವಕ ಕೇಳುತ್ತದೆ. 2023ರ ‘ತೂ ಹೈ’ ಹೊತ್ತಿಗೆ ಆ ನೆಲೆ ಸಿಕ್ಕಿದೆ ಎಂಬುದು ನನ್ನ ಅನಿಸಿಕೆ.

ಮೊದಲ ಸಲ ಕೇಳುವವರು ‘ಕಂದೀಸಾ’ದಿಂದಲೇ ಶುರುಮಾಡಿ. ಆದರೆ ಅಲ್ಲಿಗೇ ನಿಲ್ಲಬೇಡಿ, ‘ತೂ ಹೈ’ವರೆಗೂ ಬನ್ನಿ. ಈ ತಂಡ ನಿಮ್ಮೂರಿಗೆ ಬಂದರೆ ಟಿಕೆಟ್ ಕೊಂಡು ಹೋಗಿ.