ಪರಿಸರಸ್ನೇಹಿ ಗೃಹಶುಚಿಕಾರಕಗಳು

ಪರಿಸರಸ್ನೇಹಿ ಗೃಹಶುಚಿಕಾರಕಗಳು ಎಂದರೆ ಪಾತ್ರೆ, ಬಟ್ಟೆ, ನೆಲ ಹಾಗೂ ಶೌಚಾಲಯಗಳನ್ನು ಶುಚಿಗೊಳಿಸಲು ಬಳಸುವ, ಬಳಕೆಯ ನಂತರ ನೀರು ಮತ್ತು ಮಣ್ಣಿನಲ್ಲಿ ಬೇಗ ವಿಘಟನೆಗೊಳ್ಳುವ, ಜಲಚರಗಳಿಗೂ ಬಳಸುವವರಿಗೂ ಆದಷ್ಟು ಕಡಿಮೆ ಹಾನಿ ಉಂಟುಮಾಡುವ ವಸ್ತುಗಳು. ಅಂಟುವಾಳ, ಸೀಗೆಕಾಯಿ, ಬೂದಿ, ಹುಣಸೆಹಣ್ಣಿನಂತಹ ಸಾಂಪ್ರದಾಯಿಕ ವಸ್ತುಗಳೂ ಫಾಸ್ಫೇಟ್‌ರಹಿತ ಮಾರ್ಜಕಗಳಂತಹ ಕಾರ್ಖಾನೆಯ ಉತ್ಪನ್ನಗಳೂ ಈ ಗುಂಪಿಗೆ ಸೇರುತ್ತವೆ. ಒಂದು ವಸ್ತು ಗಿಡದಿಂದ ಬಂದಿದೆ ಎಂಬ ಕಾರಣಕ್ಕೇ ಅದು ಪರಿಸರಸ್ನೇಹಿ ಆಗುವುದಿಲ್ಲ. ಬಳಸಿದ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದೂ ಆಯ್ಕೆಯಲ್ಲಿ ಅಷ್ಟೇ ಮುಖ್ಯ.

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ತುಮರಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ತೋರಿಸುವ ಪ್ರದೇಶ. ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಈ ಭಾಗವನ್ನು ಹಿನ್ನೀರು ಆವರಿಸಿತು. ಅಂದಿನಿಂದ 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಸಾಗರದಿಂದ ಇಲ್ಲಿಗೆ ಬರಲು ಲಾಂಚನ್ನೇ ಬಹುಮಟ್ಟಿಗೆ ಅವಲಂಬಿಸಬೇಕಿತ್ತು. ಇಂತಹ ಊರುಗಳಲ್ಲಿ ನಗರದಂತೆ ಒಳಚರಂಡಿಯಾಗಲಿ ಶುದ್ಧೀಕರಣ ಘಟಕವಾಗಲಿ ಇರುವುದಿಲ್ಲ. ಬಚ್ಚಲ ನೀರು ಹಿತ್ತಲ ಬಾಳೆಗೋ ಅಡಿಕೆ ತೋಟದ ಕಪ್ಪಿಗೋ ಹರಿಯುತ್ತದೆ. ಉಳಿದದ್ದು ಜಂಬಿಟ್ಟಿಗೆ ಮಣ್ಣಿನಲ್ಲಿ ಇಂಗುತ್ತದೆ ಅಥವಾ ಮಳೆಗಾಲದಲ್ಲಿ ಹಳ್ಳ ಸೇರಿ ಹಿನ್ನೀರಿಗೆ ಇಳಿಯುತ್ತದೆ. ಜಂಬಿಟ್ಟಿಗೆ ರಂಧ್ರಮಯವಾದುದರಿಂದ ಬಚ್ಚಲಿಗೂ ಬಾವಿಗೂ ಅಂತರ ಕಡಿಮೆಯಿದ್ದಲ್ಲಿ ಸಾಬೂನಿನ ಅಂಶ ಕುಡಿಯುವ ನೀರನ್ನು ತಲುಪಬಹುದು. ನಗರದವರಿಗೆ ಕೊಳಾಯಿಯ ಆಚೆಗೆ ಕಣ್ಮರೆಯಾಗುವ ವಿಷಯ ಇಲ್ಲಿ ಅಂಗಳದಲ್ಲೇ ಉಳಿಯುತ್ತದೆ.

ಮಾರ್ಜಕಗಳ ಕೆಲಸ ಮತ್ತು ಹಾನಿ

ಸಾಬೂನು ಮತ್ತು ಮಾರ್ಜಕಗಳ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಜಿಡ್ಡನ್ನೂ ಹಿಡಿಯುತ್ತದೆ. ಇಂತಹ ವಸ್ತುಗಳನ್ನು ಮೇಲ್ಮೈಕಾರಕ ಅಥವಾ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ನಂತರ ಹರಡಿದ ಕವಲು ಸರಪಣಿಯ ಸಂಶ್ಲೇಷಿತ ಮಾರ್ಜಕಗಳನ್ನು ಬ್ಯಾಕ್ಟೀರಿಯಾಗಳು ಸುಲಭವಾಗಿ ಒಡೆಯಲಾರದೆ ಹೋದವು. ಯುರೋಪ್ ಮತ್ತು ಅಮೆರಿಕದ ನದಿಗಳಲ್ಲಿ ನೊರೆಯ ರಾಶಿ ತೇಲತೊಡಗಿತು. 1960ರ ದಶಕದಲ್ಲಿ ಅವುಗಳ ಸ್ಥಾನಕ್ಕೆ ನೇರ ಸರಪಣಿಯ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಬಂದಿತು. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಬಟ್ಟೆ ಪುಡಿಗಳಲ್ಲಿ ಇದೇ ಇರುತ್ತದೆ. ಗಾಳಿಯಾಡುವ ನೀರಿನಲ್ಲಿ ಇದು ವಿಘಟನೆಗೊಳ್ಳುತ್ತದೆ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಎರಡನೆಯ ತೊಂದರೆ ಫಾಸ್ಫೇಟಿನದು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಡಲು ಇದನ್ನು ಪುಡಿಗೆ ಸೇರಿಸುತ್ತಾರೆ. ನಿಂತ ನೀರಿಗೆ ಇದು ಗೊಬ್ಬರದಂತೆ ವರ್ತಿಸಿ ಪಾಚಿಯನ್ನೂ ಕಳೆಯನ್ನೂ ಬೆಳೆಸುತ್ತದೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕರಗಿಹೋಗಿ ಮೀನುಗಳು ಸಾಯುತ್ತವೆ. ಯುರೋಪ್ ಒಕ್ಕೂಟವು ಮನೆಬಳಕೆಯ ಬಟ್ಟೆ ಮಾರ್ಜಕಗಳಲ್ಲಿ ರಂಜಕದ ಪ್ರಮಾಣವನ್ನು 2013ರಿಂದ ಕಟ್ಟುನಿಟ್ಟಾಗಿ ಮಿತಿಗೊಳಿಸಿದೆ. ಕರ್ನಾಟಕದಲ್ಲಿ ಇದರ ಪರಿಣಾಮ ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಲ್ಲಿ ಎಲ್ಲರ ಕಣ್ಣಿಗೂ ಬಿದ್ದಿತು. ಶುದ್ಧೀಕರಿಸದ ಕೊಳಚೆ ನೀರಿನೊಂದಿಗೆ ಬಂದ ಮಾರ್ಜಕಗಳು ಕೋಡಿಯಲ್ಲಿ ನೊರೆಯಾಗಿ ರಸ್ತೆಗೆ ಹಾರಿದವು. ಬೆಳ್ಳಂದೂರು ಕೆರೆಯಲ್ಲಿ 2015, 2017 ಹಾಗೂ 2018ರಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ಅಲ್ಲಿನ ಮುಖ್ಯ ಲೋಪ ಕೊಳಚೆ ನೀರಿನ ನಿರ್ವಹಣೆಯದು. ಮನೆಮನೆಯ ಪುಡಿಯ ಆಯ್ಕೆಯೊಂದರಿಂದಲೇ ಕೆರೆ ಉಳಿಯುತ್ತಿತ್ತು ಎನ್ನಲಾಗದು.

ಮಲೆನಾಡಿನ ಶುಚಿಕಾರಕಗಳು

ಅಂಟುವಾಳ ದಕ್ಷಿಣ ಭಾರತದಲ್ಲಿ ಬೆಳೆಯುವ ಮರ. ಇದರ ಸಸ್ಯಶಾಸ್ತ್ರೀಯ ಹೆಸರು ಸ್ಯಾಪಿಂಡಸ್ ಟ್ರೈಫೋಲಿಯಾಟಸ್. ಕಾಯಿಯ ಸಿಪ್ಪೆಯಲ್ಲಿ ಸ್ಯಾಪೊನಿನ್ ಎಂಬ ನೊರೆ ಬರಿಸುವ ವಸ್ತುವಿದೆ. ಬೀಜ ತೆಗೆದ ಸಿಪ್ಪೆಯನ್ನು ರಾತ್ರಿಯಿಡೀ ನೆನೆಸಿ, ಕುದಿಸಿ, ಕಿವುಚಿ ಸೋಸಿದರೆ ದ್ರಾವಣ ಸಿದ್ಧವಾಗುತ್ತದೆ. ರೇಷ್ಮೆ ಸೀರೆ, ಉಣ್ಣೆ ಹಾಗೂ ಚಿನ್ನ ಬೆಳ್ಳಿಯ ಒಡವೆಗಳಿಗೆ ಇದು ಬಹಳ ಹೊಂದುತ್ತದೆ. ಆದರೆ ತೋಟದ ಕೆಲಸದಲ್ಲಿ ಅಡಿಕೆಯ ಕಲೆ ಹತ್ತಿದ ಹತ್ತಿ ಬಟ್ಟೆಗೆ ಇದು ಸಾಲದು. ದ್ರಾವಣ ಕೆಲವೇ ದಿನಗಳಲ್ಲಿ ಹುಳಿತು ಕೆಡುತ್ತದೆ. ಕಣ್ಣಿಗೆ ಬಿದ್ದರೆ ತೀವ್ರ ಉರಿಯಾಗುತ್ತದೆ. ಸೀಗೆಕಾಯಿಯಲ್ಲಿಯೂ ಸ್ಯಾಪೊನಿನ್ ಇದ್ದು, ಅದರ ಬಳಕೆ ತಲೆಗೂದಲಿಗೆ ಹೆಚ್ಚು.

ಸ್ಯಾಪೊನಿನ್ ಮೀನಿನ ಕಿವಿರುಗಳಿಗೆ ವಿಷ. ಅದು ಇರುವ ಕಾಯಿಗಳನ್ನು ಅರೆದು ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ದೇಶಗಳಲ್ಲಿ ಇದ್ದಿತು. ಆದ್ದರಿಂದ ಅಂಟುವಾಳದ ನೀರನ್ನೂ ಹಳ್ಳಕ್ಕೋ ಹಿನ್ನೀರಿಗೋ ನೇರವಾಗಿ ಬಿಡಬಾರದು. ಮಣ್ಣಿಗೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ. ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವಾಗ ‘ಇದು ಬರೀ ಕಾಯಿ’ ಎಂಬ ಸಮಾಧಾನ ಸಲ್ಲದು.

ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು ಹಳೆಯ ಜೋಡಿ. ಕಟ್ಟಿಗೆಯ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವು ಜಿಡ್ಡಿನ ಸ್ವಲ್ಪ ಭಾಗವನ್ನು ಸಾಬೂನಾಗಿಯೇ ಮಾರ್ಪಡಿಸುತ್ತದೆ, ಉಳಿದುದನ್ನು ಅದರ ಕಣಗಳು ಉಜ್ಜಿ ತೆಗೆಯುತ್ತವೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಮಾತ್ರ ಇದಕ್ಕೆ ಯೋಗ್ಯವಲ್ಲ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ಕೊರೆಯುವುದರಿಂದ ಅದಕ್ಕೂ ಬೂದಿ ಬೇಡ. ಪ್ಲಾಸ್ಟಿಕ್ ಉಜ್ಜುಗಗಳು ಸವೆದು ಸೂಕ್ಷ್ಮ ಕಣಗಳನ್ನು ನೀರಿಗೆ ಬಿಡುತ್ತವೆ. ತೆಂಗಿನ ನಾರು ಅಥವಾ ಒಣಗಿದ ಹೀರೆಕಾಯಿಯ ನಾರು ಗೊಬ್ಬರದ ಗುಂಡಿಗೆ ಸೇರುತ್ತದೆ.

ಬಚ್ಚಲ ತಾಮ್ರದ ಹಂಡೆಗೂ ಹಿತ್ತಾಳೆಯ ದೀಪಕ್ಕೂ ಹುಳಿ ಬೇಕು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಮತ್ತು ನಿಂಬೆಯ ಸಿಟ್ರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತವೆ. ಮಲೆನಾಡಿನಲ್ಲಿ ಬೆಳೆಯುವ ಮುರುಗಲಿನ ಸಿಪ್ಪೆಯೂ ಆಮ್ಲೀಯವಾದುದರಿಂದ ಇದೇ ಕೆಲಸ ಮಾಡಬಲ್ಲದು. ಹುಳಿಯನ್ನು ಕೆಂಪು ಗಾರೆ ನೆಲ ಅಥವಾ ಅಮೃತಶಿಲೆಗೆ ಹಾಕಿದರೆ ಹೊಳಪು ಹೋಗುತ್ತದೆ.

ನೀರಿನ ಗುಣ

ಆಯ್ಕೆಯನ್ನು ಬಹುಮಟ್ಟಿಗೆ ನಿರ್ಧರಿಸುವ, ಆದರೆ ಜಾಹೀರಾತುಗಳು ಹೇಳದ ಸಂಗತಿ ನೀರಿನ ಗಡಸುತನ. ಹೆಚ್ಚು ಮಳೆ ಬೀಳುವ ಮಲೆನಾಡಿನ ಹಳ್ಳ ಮತ್ತು ಅಬ್ಬಿಯ ನೀರು ಸಾಮಾನ್ಯವಾಗಿ ಮೆದುವಾಗಿರುತ್ತದೆ. ಇಲ್ಲಿ ಸಾದಾ ಬಾರ್ ಸಾಬೂನು ಚೆನ್ನಾಗಿ ನೊರೆ ಕೊಡುತ್ತದೆ, ಫಾಸ್ಫೇಟ್ ಸೇರಿಸಿದ ಪುಡಿಯ ಅಗತ್ಯವೇ ಇಲ್ಲ. ಪೊಟ್ಟಣದ ಮೇಲೆ ಬರೆದ ಅಳತೆಗಿಂತ ಕಡಿಮೆ ಪುಡಿ ಸಾಕು. ಕೋಲಾರದಂತಹ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಬಿಳಿ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಅಲ್ಲಿ ಫಾಸ್ಫೇಟ್ ಬದಲಿಗೆ ಜಿಯೊಲೈಟ್ ಬಳಸಿದ ಮಾರ್ಜಕ ಸೂಕ್ತ.

ಬಚ್ಚಲ ನೀರನ್ನು ತೋಟಕ್ಕೆ ಬಿಡುವವರು ಬೊರಾಕ್ಸ್ ಇರುವ ಮತ್ತು ಸೋಡಿಯಂ ಲವಣ ಹೆಚ್ಚಿರುವ ಪುಡಿಗಳನ್ನು ದೂರವಿಡುವುದು ಒಳ್ಳೆಯದು. ಬೋರಾನ್ ಹೆಚ್ಚಾದರೆ ಗಿಡದ ಎಲೆಯಂಚು ಸುಡುತ್ತದೆ, ಸೋಡಿಯಂ ಮಣ್ಣಿನ ರಚನೆಯನ್ನು ಕೆಡಿಸುತ್ತದೆ.

ಶೌಚಾಲಯ ಮತ್ತು ನೆಲ

ಶೌಚಾಲಯದ ಗುಂಡಿಯಲ್ಲಿ ಮಲವನ್ನು ಕರಗಿಸುವುದು ಬ್ಯಾಕ್ಟೀರಿಯಾಗಳು. ಬ್ಲೀಚಿಂಗ್ ಪುಡಿ, ಫಿನೈಲ್ ಹಾಗೂ ಪ್ರಬಲ ಆಮ್ಲಗಳನ್ನು ದಿನವೂ ಸುರಿದರೆ ಅವೇ ಸಾಯುತ್ತವೆ. ದೈನಂದಿನ ಬಳಕೆಗೆ ಬ್ರಷ್ಷು ಮತ್ತು ಸ್ವಲ್ಪ ಸಾಬೂನು ಸಾಕು. ಬಿಳಿ ಕಲೆಗೆ ಸಿಟ್ರಿಕ್ ಆಮ್ಲದ ಪುಡಿ ಬಳಸಬಹುದು. ಫಿನಾಲ್ ಇರುವ ಕಪ್ಪು ಫಿನೈಲ್ ಬೆಕ್ಕುಗಳಿಗೆ ವಿಷಕಾರಿ. ಮನೆಯಲ್ಲಿ ಸಾಂಕ್ರಾಮಿಕ ಭೇದಿಯಂತಹ ರೋಗವಿದ್ದಾಗ ಮಾತ್ರ ಸೋಂಕುನಾಶಕ ಬೇಕೇ ಬೇಕು. ಆಗ ಅಂಟುವಾಳ ಅಥವಾ ನಿಂಬೆಸಿಪ್ಪೆಯನ್ನು ನೆಚ್ಚಿಕೊಳ್ಳುವುದು ಅಪಾಯ.

ಹಣ್ಣಿನ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಬೆರೆಸಿ ಮೂರು ತಿಂಗಳು ಹುದುಗಿಸಿದ ‘ಬಯೋ ಎನ್‌ಜೈಮ್’ ಇತ್ತೀಚೆಗೆ ಜನಪ್ರಿಯವಾಗಿದೆ. ಹೆಸರು ಹಾಗಿದ್ದರೂ ಇದರ ಶುಚಿಕಾರಕ ಗುಣ ಮುಖ್ಯವಾಗಿ ಹುದುಗುವಿಕೆಯಲ್ಲಿ ಉಂಟಾದ ಅಸಿಟಿಕ್ ಮೊದಲಾದ ಆಮ್ಲಗಳದು. ಮೊದಲ ತಿಂಗಳು ಮುಚ್ಚಳ ತೆರೆದು ಅನಿಲ ಬಿಡದಿದ್ದರೆ ಬಾಟಲಿ ಸಿಡಿಯುತ್ತದೆ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸುವ ಸಲಹೆಯೂ ಪ್ರಚಾರದಲ್ಲಿದೆ. ಬೇರೆಬೇರೆಯಾಗಿ ಎರಡೂ ಉಪಯುಕ್ತ. ಬೆರೆಸಿದರೆ ಒಂದನ್ನೊಂದು ತಟಸ್ಥಗೊಳಿಸಿ ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಉಳಿಯುತ್ತವೆ. ಬುರುಗು ನೋಡಲು ಚೆಂದ, ಅಷ್ಟೇ. ಬ್ಲೀಚನ್ನು ಯಾವುದೇ ಆಮ್ಲದೊಂದಿಗೆ, ಹುಣಸೆಹುಳಿಯೊಂದಿಗೂ ಸಹ, ಬೆರೆಸಬಾರದು. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಗುರುತು ಮತ್ತು ನಿಯಮ

ಭಾರತ ಸರ್ಕಾರವು 1991ರಲ್ಲಿ ಮಣ್ಣಿನ ಮಡಕೆಯ ಚಿಹ್ನೆಯುಳ್ಳ ‘ಇಕೋಮಾರ್ಕ್’ ಯೋಜನೆಯನ್ನು ಆರಂಭಿಸಿತು. ಸಾಬೂನು ಮತ್ತು ಮಾರ್ಜಕಗಳೂ ಅದರ ವ್ಯಾಪ್ತಿಯಲ್ಲಿದ್ದವು. ಆದರೆ ಚಿಹ್ನೆ ಪಡೆದ ಸರಕು ಅಂಗಡಿಗಳಲ್ಲಿ ಕಂಡದ್ದೇ ಅಪರೂಪ. ಅದರ ಸ್ಥಾನದಲ್ಲಿ 2024ರಲ್ಲಿ ಹೊಸ ನಿಯಮಗಳನ್ನು ಹೊರಡಿಸಲಾಯಿತು. ಅದೇ ವರ್ಷ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಪರಿಸರದ ಹೆಸರಿನ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಪ್ರಕಟಿಸಿತು. ಅದರಂತೆ ‘ಹಸಿರು’, ‘ಸಹಜ’, ‘ಪರಿಸರಸ್ನೇಹಿ’ ಮುಂತಾದ ಪದಗಳನ್ನು ಬಳಸುವ ತಯಾರಕರು ಅದಕ್ಕೆ ಆಧಾರ ಒದಗಿಸಬೇಕಾಗುತ್ತದೆ. ಪೊಟ್ಟಣದಲ್ಲಿ ಎಲೆಯ ಚಿತ್ರಕ್ಕಿಂತ ಘಟಕಗಳ ಪಟ್ಟಿಯನ್ನು ನೋಡುವುದು ಉಪಯುಕ್ತ. ದ್ರವರೂಪದ ಶುಚಿಕಾರಕದಲ್ಲಿ ಬಹುಭಾಗ ನೀರೇ ಇರುವುದರಿಂದ ಬಾರ್ ಮತ್ತು ಪುಡಿಗಳು ಸಾಗಣೆಯಲ್ಲೂ ಪ್ಲಾಸ್ಟಿಕ್ಕಿನಲ್ಲೂ ಉಳಿತಾಯ ಮಾಡುತ್ತವೆ. ಪೇಟೆಯಿಂದ ಬಂದ ಬಾಟಲಿ ಮತ್ತೆ ಪೇಟೆಗೆ ಮರಳದ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.